ಕಲಬುರಗಿಯಿಂದ ದೀರ್ಘ ವರದಿಗಳ ವಾರಪತ್ರಿಕೆ ಹೊರತರುವುದು ಹೇಗೆ?

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಸುದ್ದಿಗೂ ಕೊರತೆಯಿಲ್ಲ, ದಿನಪತ್ರಿಕೆಗಳಿಗೂ ಕೊರತೆಯಿಲ್ಲ. ತೊಗರಿಗೆ ನೆಟೆರೋಗ ತಗುಲಿದ ಸುದ್ದಿಯನ್ನು ಮರುದಿನವೇ ಓದುತ್ತೇವೆ, ಪರಿಹಾರ ಘೋಷಣೆಯಾದ ಸುದ್ದಿಯನ್ನೂ ಓದುತ್ತೇವೆ. ಆದರೆ ಆ ಪರಿಹಾರ ಒಂದು ಹೋಬಳಿಯಲ್ಲಿ ಯಾರ ಯಾರ ಖಾತೆಗೆ ಜಮೆಯಾಯಿತು, ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿದವರ ಕೈಗೆ ಏನಾದರೂ ಬಂತೇ, ಬೆಳೆ ವಿಮೆಯ ಲೆಕ್ಕ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ವರ್ಷ ಕಳೆದ ಮೇಲೆ ಹೋಗಿ ನೋಡಿ ಬರೆಯುವಷ್ಟು ಜಾಗವಾಗಲಿ ವೇಳೆಯಾಗಲಿ ದಿನಪತ್ರಿಕೆಯ ಜಿಲ್ಲಾ ವರದಿಗಾರನಿಗೆ ಸಿಗುವುದಿಲ್ಲ. ದೀರ್ಘ ವರದಿಗಳಿಗೇ ಮೀಸಲಾದ ವಾರಪತ್ರಿಕೆಗೆ ಇಲ್ಲಿ ಸ್ಥಳವಿರುವುದು ಈ ಖಾಲಿ ಜಾಗದಲ್ಲಿ. ವಾರದಲ್ಲಿ ನಡೆದದ್ದನ್ನೆಲ್ಲ ಹೇಳಲು ಹೊರಟರೆ ಅದು ತಡವಾಗಿ ಬರುವ ದಿನಪತ್ರಿಕೆಯಾಗುತ್ತದೆ. ಉಳಿದವರು ಎರಡನೆಯ ದಿನ ಕೈಬಿಟ್ಟ ವಿಷಯವನ್ನು ಹಿಡಿದು ಕೂರುವುದೇ ಅದರ ಕೆಲಸ ಎಂದು ಒಮ್ಮೆ ಒಪ್ಪಿದರೆ ಪುಟ, ಸಿಬ್ಬಂದಿ, ಬಂಡವಾಳ ಎಲ್ಲವನ್ನೂ ವರದಿಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದು.

ಮೊದಲು ವರದಿಗಳನ್ನು ಕೂಡಿಡಿ

ಹೊಸ ಪತ್ರಿಕೆ ಮಾಡುವವರು ಸಾಮಾನ್ಯವಾಗಿ ಹೆಸರು, ಲಾಂಛನ, ಬಿಡುಗಡೆ ಸಮಾರಂಭಗಳಿಂದ ಆರಂಭಿಸುತ್ತಾರೆ. ದೀರ್ಘ ವರದಿಯ ಪತ್ರಿಕೆಗೆ ಈ ಕ್ರಮ ಅಪಾಯಕಾರಿ. ಗಂಭೀರವಾದ ಒಂದು ವರದಿಗೆ ಓಡಾಟ, ದಾಖಲೆ, ಬರವಣಿಗೆ, ಪರಿಶೀಲನೆ ಸೇರಿ ಆರು ವಾರ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಬ್ಬ ವರದಿಗಾರ ವರ್ಷಕ್ಕೆ ಎಂಟು ವರದಿ ಕೊಟ್ಟಾನು. ವಾರಕ್ಕೊಂದು ಮುಖ್ಯ ವರದಿ ಬೇಕೆಂದರೆ ವರ್ಷಕ್ಕೆ 52 ಬೇಕು, ಅಂದರೆ ಆರೇಳು ಜನ ಪೂರ್ಣಾವಧಿ ವರದಿಗಾರರು ಬೇಕು. ಅಷ್ಟು ಜನರಿಗೆ ಸಂಬಳ ಕೊಡುವ ಶಕ್ತಿ ಸ್ವತಂತ್ರ ಪತ್ರಿಕೆಗೆ ಆರಂಭದಲ್ಲಿ ಇರುವುದಿಲ್ಲ. ಹಾಗಾಗಿ ಇಬ್ಬರನ್ನು ಪೂರ್ಣಾವಧಿಗೆ ಇಟ್ಟುಕೊಂಡು, ಉಳಿದದ್ದನ್ನು ಹೊರಗಿನಿಂದ ಬರೆಸುವ ಏರ್ಪಾಡು ಮಾಡಿಕೊಳ್ಳಬೇಕು. ತಾಲ್ಲೂಕು ಕೇಂದ್ರದ ವಕೀಲರು, ಕಾಲೇಜು ಉಪನ್ಯಾಸಕರು, ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸಕ್ಕೆ ಒದಗುತ್ತಾರೆ. ಎಷ್ಟೋ ಸಂಶೋಧಕರ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಪ್ರಬಂಧಕ್ಕಿಂತ ಒಳ್ಳೆಯ ವರದಿ ಅಡಗಿರುತ್ತದೆ. ಅದನ್ನು ಓದುವ ಕನ್ನಡಕ್ಕೆ ತರುವ ಹೊಣೆ ಸಂಪಾದಕರದು.

ಮೊದಲ ಸಂಚಿಕೆಯ ದಿನ ಆರು ವರದಿಗಳು ಮುದ್ರಣಕ್ಕೆ ಸಿದ್ಧವಿರಬೇಕು, ಇನ್ನಾರು ಅರ್ಧ ದಾರಿಯಲ್ಲಿರಬೇಕು. ಇದಕ್ಕಿಂತ ಕಡಿಮೆ ದಾಸ್ತಾನಿನೊಂದಿಗೆ ಹೊರಟರೆ ಎರಡನೆಯ ತಿಂಗಳಿಗೇ ಭಾಷಣಗಳ ಸಾರಾಂಶ ಪುಟಕ್ಕೆ ಬರತೊಡಗುತ್ತದೆ.

ವಿಷಯವನ್ನು ಆರಿಸುವಾಗ ಮೂರು ಸಂಗತಿಗಳನ್ನು ನೋಡಬೇಕು. ಅದಕ್ಕೆ ಎಲ್ಲಿಯಾದರೂ ಕಾಗದವಿದೆಯೇ, ಅದನ್ನು ಒಂದು ಊರಿನಲ್ಲಿ ನಿಂತು ನೋಡಬಹುದೇ, ಹೆಸರು ಹೇಳಿ ಮಾತನಾಡುವವರು ಒಬ್ಬರಾದರೂ ಇದ್ದಾರೆಯೇ? "ಹಿಂದುಳಿದ ಕಲ್ಯಾಣ ಕರ್ನಾಟಕ" ಎಂಬುದು ವರದಿಯ ವಿಷಯವಲ್ಲ, ಭಾಷಣದ ವಿಷಯ. ಈ ಭಾಗಕ್ಕೆ ಉದ್ಯೋಗ, ಶಿಕ್ಷಣದಲ್ಲಿ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ಇಷ್ಟು ವರ್ಷಗಳಾದ ಮೇಲೆ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಖಾಲಿ ಹುದ್ದೆಯ ಕೆಲಸವನ್ನು ಯಾರು ಯಾವ ಸಂಬಳಕ್ಕೆ ಮಾಡುತ್ತಿದ್ದಾರೆ ಎಂಬುದು ವರದಿಯ ವಿಷಯ. ಬೀದರಿನಲ್ಲಿ ಕಾರಂಜಾ ಜಲಾಶಯಕ್ಕೆ ಜಮೀನು ಬಿಟ್ಟವರ ಪರಿಹಾರದ ಪ್ರಶ್ನೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಪತ್ತೆಯಾದ ನೀರಿನ ಪ್ರಶ್ನೆ, ಗುಳೆ ಹೋದ ಮನೆಗಳಲ್ಲಿ ಉಳಿದ ಮಕ್ಕಳ ಶಾಲೆಯ ಪ್ರಶ್ನೆ, ಇವೆಲ್ಲ ಮೂರು ಪರೀಕ್ಷೆಗಳಲ್ಲೂ ಗೆಲ್ಲುವಂಥವು.

ನೋಂದಣಿ

1867ರ ಹಳೆಯ ಕಾಯ್ದೆಯ ಬದಲಿಗೆ ಬಂದ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಿಂದೆ ಜಿಲ್ಲಾ ದಂಡಾಧಿಕಾರಿಗಳ ಮುಂದೆ ಘೋಷಣೆ ಸಲ್ಲಿಸಲು ಅಲೆಯಬೇಕಿತ್ತು. ಈಗ ಹೆಸರಿನ ಮಂಜೂರಾತಿ ಮತ್ತು ನೋಂದಣಿ ಎರಡಕ್ಕೂ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ ಹಾಕಬಹುದು. ಅರ್ಜಿ ಜಿಲ್ಲಾಡಳಿತಕ್ಕೂ ಹೋಗುತ್ತದೆ, ಅಲ್ಲಿಂದ ಅಭಿಪ್ರಾಯ ಬರಲು 60 ದಿನಗಳ ಅವಧಿಯಿದೆ. ಮುದ್ರಣಾಲಯದವರು ತಮ್ಮ ಮಾಹಿತಿಯನ್ನು ಅದೇ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ಸಲ್ಲಿಸಿರಬೇಕು. ಸಣ್ಣ ಮುದ್ರಕರು ಇದನ್ನು ಮಾಡಿರುತ್ತಾರೆಂದು ನಂಬದೆ ಮೊದಲೇ ಕೇಳಿಕೊಳ್ಳುವುದು ಮೇಲು.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ದೇಶದ ಯಾವುದೇ ಭಾಗದಲ್ಲಿ ಕನ್ನಡದಲ್ಲಿ ನೋಂದಣಿಯಾದ, ಅಥವಾ ಕರ್ನಾಟಕದಲ್ಲಿ ಯಾವುದೇ ಭಾಷೆಯಲ್ಲಿ ನೋಂದಣಿಯಾದ ಹೆಸರನ್ನು ಹೋಲುವ ಹೆಸರು ಸಿಗುವುದಿಲ್ಲ. "ವಾಣಿ", "ಧ್ವನಿ", "ಕ್ರಾಂತಿ" ಸೇರಿದ ಹೆಸರುಗಳು ಬಹುತೇಕ ಮುಗಿದಿವೆ. ಹೊಳೆ, ಬೆಳೆ, ಊರಿನ ಹೆಸರಿನತ್ತ ಹೋದರೆ ದೊರೆಯುವ ಸಂಭವ ಹೆಚ್ಚು. ನೋಂದಣಿಯಾದ ಮೇಲೆ ಮಾಲೀಕ, ಪ್ರಕಾಶಕ, ಅವಧಿ ಬದಲಾದರೆ ಪ್ರಮಾಣಪತ್ರವನ್ನೂ ತಿದ್ದಿಸಬೇಕು, ವರ್ಷಕ್ಕೊಮ್ಮೆ ವಾರ್ಷಿಕ ವಿವರಣೆ ಸಲ್ಲಿಸಬೇಕು. ಇವು ಗುಮಾಸ್ತಿಕೆಯ ಕೆಲಸಗಳೇ ಹೌದು. ಆದರೆ ಅಧಿಕಾರಸ್ಥರಿಗೆ ಇಷ್ಟವಾಗದ ವರದಿ ಪ್ರಕಟವಾದ ವಾರ ಮೊದಲು ಹುಡುಕಲ್ಪಡುವುದು ಇಂಥ ಲೋಪಗಳೇ.

ಪುಟ, ಕಾಗದ, ಅಕ್ಷರ

ದಿನಪತ್ರಿಕೆಯ ಪುಟದ ಅರ್ಧದಷ್ಟಿರುವ ಟ್ಯಾಬ್ಲಾಯ್ಡ್ ಆಕಾರವೇ ಸಾಕು. ಆಫ್‌ಸೆಟ್ ಯಂತ್ರದಲ್ಲಿ ದೊಡ್ಡ ಹಾಳೆಯೊಂದು ಮಡಚಿದಾಗ ಎಂಟು ಟ್ಯಾಬ್ಲಾಯ್ಡ್ ಪುಟಗಳಾಗುವುದರಿಂದ ಪುಟಸಂಖ್ಯೆ 8, 16, 24 ಹೀಗೆ ಏರಿದರೆ ಕಾಗದ ಹಾಳಾಗುವುದಿಲ್ಲ. ಪುಟದ ಅಳತೆ ಸುಮಾರು 28×36 ಸೆಂಟಿಮೀಟರ್, ಕಾಗದ ಚದರ ಮೀಟರಿಗೆ 45 ಗ್ರಾಂ ತೂಕದ ಮಾಮೂಲಿ ನ್ಯೂಸ್‌ಪ್ರಿಂಟ್ ಎಂದಾದರೆ 16 ಪುಟದ ಒಂದು ಪ್ರತಿ ಸುಮಾರು 36 ಗ್ರಾಂ ತೂಗುತ್ತದೆ, 24 ಪುಟದ್ದು 54 ಗ್ರಾಂ. ನೋಂದಾಯಿತ ಪತ್ರಿಕೆಗಳ ಅಂಚೆ ರಿಯಾಯಿತಿಯ ಮೊದಲ ಹಂತ 50 ಗ್ರಾಂ ಆಗಿರುವುದರಿಂದ ಅಂಚೆಯನ್ನು ನಂಬಿದ ಪತ್ರಿಕೆಗೆ 16 ಪುಟವೇ ಸರಿಯಾದ ಗಾತ್ರ. ಈ ರಿಯಾಯಿತಿಗೆ ಅಂಚೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಆಗಬೇಕು, ಚಂದಾದಾರರ ಪಟ್ಟಿಯನ್ನೂ ಕೊಡಬೇಕು. ಆಗಿನ ದರವನ್ನು ಅಂಚೆ ಅಧೀಕ್ಷಕರ ಕಚೇರಿಯಲ್ಲೇ ಕೇಳಿಕೊಳ್ಳಿ. ಸಾವಿರ ಪ್ರತಿಗೆ 36 ಕಿಲೋ ಕಾಗದ ಎಂಬ ಲೆಕ್ಕಕ್ಕೆ ಯಂತ್ರ ಸರಿಹೋಗುವ ತನಕ ಹಾಳಾಗುವ ಹಾಳೆಗಳನ್ನೂ ಸೇರಿಸಬೇಕು. ಪ್ರತಿಗಳು ಕಡಿಮೆಯಿದ್ದಷ್ಟೂ ಈ ನಷ್ಟದ ಪಾಲು ಹೆಚ್ಚು.

16 ಪುಟಗಳಲ್ಲಿ ಮುಖ್ಯ ವರದಿಗೆ ಚಿತ್ರ, ನಕ್ಷೆ ಸೇರಿ ನಾಲ್ಕೈದು ಪುಟ, ಎರಡನೆಯ ವರದಿಗೆ ಮೂರು ಪುಟ ಕೊಟ್ಟರೆ ಉಳಿದಲ್ಲಿ ಒಂದು ಸಂದರ್ಶನ, ನ್ಯಾಯಾಲಯದ ಪುಟ, ಓದುಗರ ಪತ್ರಗಳು, ಹಿಂದಿನ ವರದಿಗಳ ಮುಂದುವರಿಕೆ ಬರಬಹುದು. ರಾಶಿಫಲ ಬೇಡ.

ಅಕ್ಷರದ ವಿಷಯದಲ್ಲಿ ನಮ್ಮ ಕಡೆಯ ಡಿಟಿಪಿ ಅಂಗಡಿಗಳ ರೂಢಿಯನ್ನು ಮುರಿಯಬೇಕು. ನುಡಿ, ಶ್ರೀಲಿಪಿಗಳ ಹಳೆಯ ಫಾಂಟ್‌ನಲ್ಲಿ ಜೋಡಿಸಿದ ಪಠ್ಯವನ್ನು ಹತ್ತು ವರ್ಷಗಳ ನಂತರ ಹುಡುಕಲಾಗುವುದಿಲ್ಲ. ದೀರ್ಘ ವರದಿಯ ಪತ್ರಿಕೆಗೆ ತನ್ನ ಹಳೆಯ ಸಂಚಿಕೆಗಳೇ ದೊಡ್ಡ ಆಸ್ತಿಯಾದ್ದರಿಂದ ಮೊದಲ ದಿನದಿಂದಲೂ ಯಾವ ಕಂಪ್ಯೂಟರಿನಲ್ಲೂ ಓದಿ ಹುಡುಕಬಹುದಾದ ಯೂನಿಕೋಡ್‌ನಲ್ಲಿ ಬರೆಸಿ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವ ಇನ್‌ಡಿಸೈನ್‌ನಂಥ ತಂತ್ರಾಂಶದಲ್ಲೇ ಪುಟ ಕಟ್ಟಿಸಬೇಕು. ಒತ್ತಕ್ಷರಗಳು ಒಂದರ ಮೇಲೊಂದು ಬೀಳದಂತೆ ಸಾಲುಗಳ ನಡುವೆ ತುಸು ಹೆಚ್ಚು ಅಂತರ ಬಿಡಬೇಕಾಗುತ್ತದೆ. ನಾಲ್ಕು ಪುಟ ಓದಬೇಕಾದವರ ಕಣ್ಣಿಗೆ ಅದು ಒಳ್ಳೆಯದೇ.

ದಾಖಲೆ ಮತ್ತು ಓಡಾಟ

ಪತ್ರಿಕೆಯ ಮೌಲ್ಯ ನಿರ್ಧಾರವಾಗುವುದು ಈ ಹಂತದಲ್ಲಿ. ವಿಷಯ ನಿಶ್ಚಯವಾದ ದಿನವೇ ಮಾಡಬೇಕಾದ ಕೆಲಸ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಏಕೆಂದರೆ ಉತ್ತರಕ್ಕೆ ಕಾನೂನೇ 30 ದಿನ ಕೊಟ್ಟಿದೆ. ಉತ್ತರ ಬಾರದಿದ್ದರೆ ಅಥವಾ ಅಸಮರ್ಪಕವಾಗಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬೇಕು. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದು ನಮಗೊಂದು ಅನುಕೂಲ. ಅರ್ಜಿಯ ಶುಲ್ಕ 10 ರೂಪಾಯಿ, ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಹತ್ತು ಪ್ರಶ್ನೆಗಳನ್ನು ತುರುಕಿದ ಅರ್ಜಿಯನ್ನು ತಿರಸ್ಕರಿಸಲು ಅಧಿಕಾರಿಗೆ ಇದೇ ನೆಪ ಸಾಕಾದ್ದರಿಂದ ಮೂರು ಸಣ್ಣ ಅರ್ಜಿಗಳಾಗಿ ಒಡೆಯಿರಿ.

ಪ್ರಶ್ನೆ ಕೇಳುವುದಕ್ಕಿಂತ ದಾಖಲೆಯ ಹೆಸರು ಹೇಳಿ ಕೇಳುವುದು ಮುಖ್ಯ. "ತೊಗರಿ ಹಾನಿಗೆ ಪರಿಹಾರ ಏಕೆ ಕೊಟ್ಟಿಲ್ಲ" ಎಂಬುದಕ್ಕೆ ಉತ್ತರ ಬರುವುದಿಲ್ಲ. ಇಂಥ ವರ್ಷದ ಮುಂಗಾರಿನಲ್ಲಿ ಇಂಥ ಗ್ರಾಮ ಪಂಚಾಯಿತಿಯಲ್ಲಿ ನಡೆದ ಬೆಳೆ ಕಟಾವು ಪ್ರಯೋಗಗಳ (ಆಯ್ದ ತುಂಡು ಹೊಲ ಕೊಯ್ದು ಇಳುವರಿ ಅಳೆಯುವ ಕ್ರಮ) ನಮೂನೆಯ ದೃಢೀಕೃತ ಪ್ರತಿ ಕೊಡಿ ಎಂದರೆ ಬರುತ್ತದೆ, ಮತ್ತು ವಿಮೆಯ ಇಡೀ ಲೆಕ್ಕ ನಿಂತಿರುವುದು ಆ ನಮೂನೆಯ ಮೇಲೆ. ವ್ಯಕ್ತಿಗಳ ಖಾಸಗಿ ವಿವರ ಬೇಡಿದ ಅರ್ಜಿಗಳು ಸುಲಭವಾಗಿ ನಿರಾಕರಣೆಯಾಗುವುದರಿಂದ ಮೊದಲು ಗ್ರಾಮವಾರು ಮೊತ್ತ, ಸಂಖ್ಯೆ, ಆದೇಶದ ಪ್ರತಿಗಳನ್ನು ಕೇಳಿ, ಹೆಸರುಗಳನ್ನು ಊರಿನಲ್ಲೇ ತಿಳಿದುಕೊಳ್ಳಿ. ಕಡತವನ್ನು ಸ್ವತಃ ಕುಳಿತು ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಬಳಸುವವರು ಕಡಿಮೆ. ಕಡತದ ಟಿಪ್ಪಣಿ ಹಾಳೆಗಳಲ್ಲಿ ಯಾವ ಅಧಿಕಾರಿ ಯಾವ ದಿನ ಏನು ಬರೆದರು ಎಂಬುದು ಸಿಗುತ್ತದೆ.

ಅರ್ಜಿಯಿಲ್ಲದೆಯೇ ದೊರೆಯುವುದೂ ಬಹಳವಿದೆ. ಪಹಣಿ, ಟೆಂಡರ್ ವಿವರ, ವಿಧಾನಮಂಡಲದಲ್ಲಿ ಮಂಡನೆಯಾದ ಲೆಕ್ಕಪರಿಶೋಧನಾ ವರದಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾ ಯೋಜನೆಗಳು, ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಳೆ ಅಂಕಿಅಂಶ, ಹೈಕೋರ್ಟಿನ ಕಲಬುರಗಿ ಪೀಠದ ಆದೇಶಗಳು ಇವುಗಳಲ್ಲಿ ಮುಖ್ಯ. ಹೈಕೋರ್ಟ್ ಪೀಠಕ್ಕೆ ಈ ಮೂರು ಜಿಲ್ಲೆಗಳ ಜೊತೆ ರಾಯಚೂರು, ವಿಜಯಪುರವೂ ಸೇರಿರುವುದರಿಂದ ವಾರಕ್ಕೊಮ್ಮೆ ಅಲ್ಲಿನ ಆದೇಶಗಳನ್ನು ಓದುವ ಒಬ್ಬ ವಕೀಲರನ್ನು ಗೊತ್ತುಮಾಡಿಕೊಂಡರೆ ವಿಷಯಗಳಿಗೆ ಬರ ಬರುವುದಿಲ್ಲ. ಜಮೀನಿನ ವರದಿಗಳಲ್ಲಿ ಮಾತ್ರ ಇಲ್ಲಿ ಬೇರೆ ಕಡೆ ಇಲ್ಲದ ತೊಡಕೊಂದಿದೆ. 1956ರ ನವೆಂಬರ್ 1ಕ್ಕೆ ಮುಂಚೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಅಲ್ಲಿನ ಹಳೆಯ ಕಂದಾಯ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿವೆ. ಖಾಸ್ರಾ ಪಹಣಿ, ಇನಾಂ ಕಡತಗಳೆಂದು ತಹಶೀಲ್ದಾರ್ ಕಚೇರಿಯಲ್ಲಿ ಹೇಳುವ ಹಳೆಯ ದಾಖಲೆಗಳಲ್ಲಿ ಉರ್ದು ಬಲ್ಲವರ ನೆರವಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಉರ್ದು ಓದುವ ನಿವೃತ್ತ ಶಿಕ್ಷಕರೊಬ್ಬರಿಗೆ ಪುಟದ ಲೆಕ್ಕದಲ್ಲಿ ಗೌರವಧನ ಕೊಡುವುದನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಿ.

ಓಡಾಟಕ್ಕೆ ಕಾಲ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇರುವುದರಿಂದ ಮಧ್ಯಾಹ್ನ ಹೋದವರಿಗೆ ಬೀಗವೇ ಕಾಣುತ್ತದೆ. ಗುಳೆಯ ಬಗ್ಗೆ ಬರೆಯುವವರು ಖಾಲಿ ತಾಂಡಾದ ಬೀಗ ಹಾಕಿದ ಮನೆಗಳ ಚಿತ್ರ ತೆಗೆದು ಬಂದರೆ ವರದಿಯಾಗುವುದಿಲ್ಲ. ಯುಗಾದಿಗೆ, ಊರ ಜಾತ್ರೆಗೆ ಜನ ಮರಳುತ್ತಾರೆ, ಆಗ ಹೋಗಿ ಲೇಬರ್ ಮೇಸ್ತ್ರಿಯ ಮುಂಗಡ, ಕೂಲಿ, ಕಡಿತದ ಲೆಕ್ಕವನ್ನು ಅವರ ಬಾಯಿಂದಲೇ ಕೇಳಬೇಕು. ತೊಗರಿಯ ವರದಿಗೆ ಎಳ್ಳ ಅಮಾವಾಸ್ಯೆಯ ದಿನ ಒಳ್ಳೆಯದು, ಅಂದು ಇಡೀ ಮನೆಯೇ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೊಲದಲ್ಲಿರುತ್ತದೆ. ಊಟಕ್ಕೆ ಕೂರಿಸದೆ ಕಳಿಸುವುದಿಲ್ಲ, ಮಾತೂ ನಿಧಾನವಾಗಿ ಬರುತ್ತದೆ. ಆದರೆ ಬೆಲೆಯ ಕಥೆಗೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಅಡತ್ (ದಲ್ಲಾಳಿ) ಅಂಗಡಿ, ದಾಲ್ ಮಿಲ್, ಖರೀದಿ ಕೇಂದ್ರ ಮೂರನ್ನೂ ಬೇರೆ ಬೇರೆ ದಿನ ನೋಡಲೇಬೇಕು, ಒಂದೇ ಕ್ವಿಂಟಲಿಗೆ ಮೂರು ಲೆಕ್ಕ ಸಿಗುತ್ತದೆ.

ವರದಿಗಾರರನ್ನು ಆರಿಸುವಾಗ 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಬುಂದೇಲಿ ಭಾಷೆಯಲ್ಲಿ ಆರಂಭವಾದ ಖಬರ್ ಲಹರಿಯಾ ಪತ್ರಿಕೆಯನ್ನು ನೆನೆಯುವುದು ಉಪಯುಕ್ತ. ಅಲ್ಲಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಗ್ರಾಮೀಣ ಮಹಿಳೆಯರೇ ವರದಿ ಮಾಡಿದರು, ಪ್ರತಿಗಳನ್ನೂ ತಾವೇ ಮಾರಿದರು. ನಮ್ಮಲ್ಲಿ ಚಿಂಚೋಳಿಯ ತಾಂಡಾಗಳಿಗೆ ಲಂಬಾಣಿ, ಔರಾದಿಗೆ ಮರಾಠಿ, ಗುರುಮಠಕಲ್ ಕಡೆಗೆ ತೆಲುಗು, ಎಲ್ಲ ಪೇಟೆಗಳಿಗೂ ದಖನಿ ಉರ್ದು ಬೇಕು. ಪತ್ರಿಕೋದ್ಯಮದ ಪದವಿಗಿಂತ ಎರಡನೆಯ ಭಾಷೆಗೆ ಹೆಚ್ಚು ಅಂಕ ಕೊಡಿ.

ಬರೆಯುವುದು, ತಿದ್ದುವುದು

ಮೂರೂವರೆ ಸಾವಿರ ಪದದ ಮುಖ್ಯ ವರದಿ ಎಂದರೆ ಉದ್ದ ಹೆಚ್ಚಿಸಿದ ಸುದ್ದಿಯಲ್ಲ. ವರದಿ ಒಂದೇ ಪ್ರಶ್ನೆಯನ್ನು ಹಿಡಿದು ಹೋಗಬೇಕು. ಬರೆಯಲು ಕೂರುವ ಮೊದಲು ಘಟನೆಗಳನ್ನು ದಿನಾಂಕದ ಕ್ರಮದಲ್ಲಿ, ಪ್ರತಿಯೊಂದರ ಎದುರು ಆಧಾರದ ದಾಖಲೆಯ ಹೆಸರಿನೊಂದಿಗೆ ಬರೆದ ಪಟ್ಟಿಯೊಂದನ್ನು ವರದಿಗಾರ ಸಂಪಾದಕರಿಗೆ ಕೊಡಬೇಕು. ಆಧಾರದ ಕಾಲಂ ಖಾಲಿ ಉಳಿದ ಸಾಲು ಎಷ್ಟೇ ರುಚಿಕರವಾಗಿದ್ದರೂ ಅಚ್ಚಿಗೆ ಹೋಗಬಾರದು. ಅಂಕಿಗಳನ್ನು ಬರೆದವರಲ್ಲದ ಇನ್ನೊಬ್ಬರು ಮತ್ತೆ ಲೆಕ್ಕ ಹಾಕಬೇಕು. ಕುಡಿಯುವ ನೀರಿನ ವರದಿಯಲ್ಲಿ ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಎಂಬಲ್ಲಿ ಒಂದು ಸೊನ್ನೆ ತಪ್ಪಿದರೆ ಇಡೀ ವರದಿ ಕುಸಿಯುತ್ತದೆ.

ಮಾತುಗಳನ್ನು ಉದ್ಧರಿಸುವ ಬಗ್ಗೆ ನನಗೊಂದು ಬಲವಾದ ಅಭಿಪ್ರಾಯವಿದೆ. ರೈತ "ಬೆಳಿ ಹೋಗ್ಯದ ನೋಡ್ರಿ" ಎಂದದ್ದನ್ನು ಹಾಗೆಯೇ ಅಚ್ಚುಮಾಡಿ, ಅದೇ ಊರಿನ ಅಧಿಕಾರಿ ಅದೇ ಧಾಟಿಯಲ್ಲಿ ಆಡಿದ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿದರೆ ಪತ್ರಿಕೆ ತಾನರಿಯದೆ ಒಬ್ಬರನ್ನು ಮೇಲಕ್ಕೂ ಒಬ್ಬರನ್ನು ಕೆಳಕ್ಕೂ ಕೂರಿಸಿದಂತಾಗುತ್ತದೆ. ಇಬ್ಬರದನ್ನೂ ಆಡಿದಂತೆ ಇಡಿ, ಇಲ್ಲವೇ ಇಬ್ಬರದನ್ನೂ ತಿದ್ದಿ.

ಆರೋಪಕ್ಕೆ ಗುರಿಯಾದವರಿಗೆ ಪ್ರಶ್ನೆಗಳನ್ನು ಲಿಖಿತವಾಗಿ ಕಳಿಸಿ ಕನಿಷ್ಠ ಒಂದು ವಾರ ಕಾಯಬೇಕು. ಸ್ಪೀಡ್ ಪೋಸ್ಟ್ ರಸೀದಿ, ಇಮೇಲ್ ಪ್ರತಿಗಳನ್ನು ವರದಿಯ ಕಡತದಲ್ಲೇ ಇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಮಾನಹಾನಿಗೆ ಎರಡು ವರ್ಷಗಳ ತನಕ ಸೆರೆವಾಸವಾಗಬಹುದು. ಕ್ರಿಮಿನಲ್ ಪ್ರಕರಣದಲ್ಲಿ ಬರೆದದ್ದು ಸತ್ಯ ಎಂದಷ್ಟೇ ಹೇಳಿದರೆ ಸಾಲದು, ಅದರಲ್ಲಿ ಸಾರ್ವಜನಿಕ ಹಿತವಿತ್ತು ಎಂದೂ ತೋರಿಸಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರನ್ನು ಅದೇ ಸಂಹಿತೆಯ 72ನೆಯ ಕಲಮು, ಮಕ್ಕಳ ಗುರುತನ್ನು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ 23ನೆಯ ಕಲಮು ರಕ್ಷಿಸುತ್ತವೆ. ಹೆಸರು ಬಿಟ್ಟು ಊರು, ಓಣಿ, ತಂದೆಯ ಉದ್ಯೋಗ ಬರೆದರೆ ಸಣ್ಣ ಹಳ್ಳಿಯಲ್ಲಿ ಗುರುತು ಹೇಳಿದಂತೆಯೇ. ಮುಖ್ಯ ವರದಿಯನ್ನು ಅಚ್ಚಿಗೆ ಮೊದಲು ವಕೀಲರೊಬ್ಬರು ಓದುವ ಪದ್ಧತಿಗೆ ವಿನಾಯಿತಿ ಇರಬಾರದು.

ಹಣ ಮತ್ತು ಹಂಚಿಕೆ

1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆ ಜಾಹೀರಾತು ಪಡೆಯದೆ ಓದುಗರ ಹಣದಿಂದಲೇ ನಡೆದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅದು ಸಾಧ್ಯವಾದದ್ದು ಇಡೀ ರಾಜ್ಯದಲ್ಲಿ ಮಾರಾಟವಿದ್ದುದರಿಂದ ಎಂಬುದನ್ನು ಮರೆಯುತ್ತಾರೆ. ಮೂರು ಜಿಲ್ಲೆಗಳ ಪತ್ರಿಕೆ ಬಿಡಿ ಮಾರಾಟವನ್ನು ನಂಬಿ ಬದುಕುವುದು ಕಷ್ಟ, ಏಜೆಂಟರ ಕಮಿಷನ್ನು ಮತ್ತು ಮರಳಿ ಬರುವ ಪ್ರತಿಗಳೇ ಲಾಭವನ್ನು ತಿನ್ನುತ್ತವೆ. ವಾರ್ಷಿಕ ಚಂದಾ ಹಣವೇ ಮೂಲವಾಗಬೇಕು, ಮುದ್ರಿಸುವ ಪ್ರತಿಗಳ ಸಂಖ್ಯೆಯೂ ಚಂದಾದಾರರ ಸಂಖ್ಯೆಯನ್ನು ಅನುಸರಿಸಬೇಕು. ಶಿಕ್ಷಕರು, ವಕೀಲರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಗ್ರಂಥಾಲಯಗಳು, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕಡೆಯವರು ಮೊದಲ ಪಟ್ಟಿಯಲ್ಲಿರಬೇಕು. ದೂರದವರಿಗೆ ಪಿಡಿಎಫ್ ಚಂದಾ ಇಟ್ಟರೆ ಅಂಚೆಯ ಗೋಜಿಲ್ಲ.

ಜಾಹೀರಾತು ಬೇಡವೆನ್ನಬೇಕಿಲ್ಲ. ಆದರೆ ಸರ್ಕಾರಿ ಜಾಹೀರಾತಿಗೆ ಅರ್ಹತೆ ಪಡೆಯಲು ಬಹುಕಾಲ ಸತತ ಪ್ರಕಟಣೆ ತೋರಿಸಬೇಕಾಗುವುದರಿಂದ ಮೊದಲ ವರ್ಷದ ಆದಾಯದಲ್ಲಿ ಅದನ್ನು ಸೊನ್ನೆಯೆಂದೇ ಬರೆಯಿರಿ. ಯಾವುದೇ ಒಬ್ಬ ಜಾಹೀರಾತುದಾರರಿಂದ ಬರುವ ಹಣ ಒಟ್ಟು ಆದಾಯದ ಹತ್ತನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಂಡರೆ, ಅವರು ಸಿಟ್ಟಾದ ದಿನ ಪತ್ರಿಕೆ ನಿಲ್ಲುವುದಿಲ್ಲ. ಹುಟ್ಟುಹಬ್ಬದ ಶುಭಾಶಯದ ಪುಟ ಮಾರತೊಡಗಿದರೆ ಆ ನಾಯಕರ ಕ್ಷೇತ್ರದ ವರದಿಯನ್ನು ಬರೆಯುವುದು ಕಷ್ಟವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಶುಕ್ರವಾರ ಬೆಳಿಗ್ಗೆ ಪತ್ರಿಕೆ ಸಿಗಬೇಕಾದರೆ ಮುಖ್ಯ ವರದಿ ಹಿಂದಿನ ಶನಿವಾರವೇ ವಕೀಲರ ಕೈಸೇರಬೇಕು, ಮಂಗಳವಾರ ಪುಟ ಕಟ್ಟಿ, ಬುಧವಾರ ಮಧ್ಯಾಹ್ನ ಕರಡು ತಿದ್ದಿ, ರಾತ್ರಿ ಅಚ್ಚಿಗೆ ಕೊಡಬೇಕು. ಗುರುವಾರ ಅಂಚೆಯ ಪ್ರತಿಗಳು ಹೊರಟರೆ, ತಾಲ್ಲೂಕು ಕೇಂದ್ರಗಳ ಬಂಡಲುಗಳು ಅಂದೇ ಸಂಜೆಯ ಸಾರಿಗೆ ಬಸ್ಸಿನಲ್ಲಿ ಹೋಗುತ್ತವೆ. ಬಸ್ ನಿಲ್ದಾಣದಲ್ಲಿ ಬಂಡಲು ಇಳಿಸಿಕೊಳ್ಳುವವರ ಫೋನ್ ನಂಬರನ್ನು ಬಂಡಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಮರೆಯಬೇಡಿ.

ಪ್ರಕಟವಾದ ಮೇಲೆ

ವರದಿಯಲ್ಲಿ ಮಾತನಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ತಲುಪಿಸಿ, ಓದು ಬಾರದವರಿಗೆ ವರದಿಗಾರರೇ ಹೋಗಿ ಓದಿ ಹೇಳಲಿ. ಉಳಿದುಕೊಂಡ ತಪ್ಪುಗಳು ಹೊರಬರುವುದು ಹೆಚ್ಚಾಗಿ ಆಗಲೇ, ಮುಂದಿನ ವರದಿಯ ಎಳೆಯೂ ಅಲ್ಲೇ ಸಿಗುತ್ತದೆ. ತಿದ್ದುಪಡಿಗೆ ಎರಡನೆಯ ಪುಟದಲ್ಲಿ ನಿಗದಿತ ಜಾಗವಿರಲಿ. ವಾರಪತ್ರಿಕೆಯ ಬರಹದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಲು ಪ್ರಕಟಣೆಯಿಂದ ಎರಡು ತಿಂಗಳ ಅವಧಿಯಿದ್ದು, ದೂರುದಾರರು ಮೊದಲು ಸಂಪಾದಕರಿಗೆ ಬರೆಯಬೇಕಾಗುತ್ತದೆ. ಹಾಗಾಗಿ ಆಕ್ಷೇಪಣೆಯ ಪತ್ರ ಬಂದ ವಾರವೇ ದಾಖಲೆಯ ಸಮೇತ ಉತ್ತರಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿರಬೇಕು. ವರದಿಯ ಕಡತವನ್ನು ಕಟ್ಟಿಡುವಾಗ ಮುಖಪುಟದ ಮೇಲೆ ಆರು ತಿಂಗಳ ನಂತರದ ದಿನಾಂಕವೊಂದನ್ನು ಬರೆಯಿರಿ. ಆ ದಿನ ಅದೇ ಕಚೇರಿಗೆ ಅದೇ ದಾಖಲೆಯ ಹೊಸ ಪ್ರತಿಗಾಗಿ ಇನ್ನೊಂದು ಅರ್ಜಿ ಹೋಗಬೇಕು.